ಬೂದಿ ಹಾಸಿದ ಹೊಸ್ತಿಲು

ನಮ್ಮೂರಿನಲ್ಲಿ ಬೆಕ್ಕು ಬಂದ ದಿನ ಮನೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಕಟ್ಟಿ ನೂರು ವರ್ಷವಾಗಿರಲಿ, ಮೂರು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಕಣ್ಣು ಮುಚ್ಚಿರಲಿ, ಬೆಕ್ಕಿನ ಛತ್ರದಿಂದ ಬುಟ್ಟಿ ಬಂದು ಇಳಿಯಿತೆಂದರೆ ಹಳೆಯ ಹಕ್ಕೆಲ್ಲ ಅಲ್ಲಿಗೆ ಮುಗಿಯಿತು. ಬುಟ್ಟಿ ಇಳಿಸಿದ ಕೋಣೆಯೊಂದೇ ಮನೆ. ಮಿಕ್ಕ ಕೋಣೆಗಳ ಹೊಸ್ತಿಲಿನ ಮೇಲೆ ನುಣುಪಾದ ಬೂದಿ ಬೀಳುತ್ತದೆ. ಬೆಕ್ಕು ತಾನಾಗಿ ದಾಟಿ ಬೂದಿಯಲ್ಲಿ ಹೆಜ್ಜೆ ಮೂಡಿಸಿದ ಹೊಸ್ತಿಲನ್ನು ಮಾತ್ರ ಮನೆಯವರು ದಾಟಬಹುದು. ಅದು ದಾಟದ್ದನ್ನು ಇವರು ದಾಟುವಂತಿಲ್ಲ. ಎತ್ತಿಕೊಂಡು ದಾಟಿಸುವಂತಿಲ್ಲ, ಹೆಸರಿಟ್ಟು ಕರೆಯುವಂತಿಲ್ಲ, ಹಿಂದಿನಿಂದ ಅಟ್ಟುವಂತಿಲ್ಲ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಕಾಯಬೇಕು. ಅಷ್ಟರಲ್ಲಿ ಅದು ಮನೆಯನ್ನೆಲ್ಲ ನಡೆದು ನೋಡಿದರೆ ಬೆಕ್ಕು ಆ ಮನೆಯದು, ಮನೆ ಆ ಬೆಕ್ಕಿನದು. ಒಂದೇ ಒಂದು ಕೋಣೆ ಉಳಿದರೂ ಬುಟ್ಟಿ ಛತ್ರಕ್ಕೆ ವಾಪಸ್ಸು.

ಆ ಬೂದಿ ಹಾಕುವವನು ಆಗ ನಾನಾಗಿದ್ದೆ. ಊರಿಗೆಲ್ಲ ನಾನು ಬೂದಿಯಣ್ಣ. ದಿನಾ ಬೆಳಿಗ್ಗೆ ಜರಡಿ ಹಿಡಿದು ಹೋಗಿ, ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುವುದು. ಹೆಜ್ಜೆ ಇದ್ದರೆ ‘ದಾಟಿ’ ಎನ್ನುವುದು, ಇಲ್ಲದಿದ್ದರೆ ‘ಕಾಯಿರಿ’ ಎನ್ನುವುದು. ಇಪ್ಪತ್ತೆರಡು ವರ್ಷ ನಾನು ಬಾಯಿಬಿಟ್ಟು ಆಡಿದ್ದು ಹೆಚ್ಚಾಗಿ ಈ ಎರಡೇ ಮಾತು.

ನಮ್ಮೂರಿನಲ್ಲಿ ಅಕ್ಕ ತಂಗಿ ಇಬ್ಬರಿದ್ದರು. ಒಂದೇ ಮನೆ, ಒಂದೇ ಸೂರು. ಹನ್ನೊಂದು ವರ್ಷದಿಂದ ಒಬ್ಬರೊಡನೊಬ್ಬರು ಮಾತಾಡಿರಲಿಲ್ಲ. ತಾಯಿ ತೀರಿಕೊಂಡಾಗ ಅವಳ ಮಂಚ ಯಾರ ಕಡೆಗೆ ಹೋಗಬೇಕು ಎಂದು ಶುರುವಾದ ಜಗಳ. ಬಲಗಡೆಯ ನಾಲ್ಕು ಕೋಣೆ ಅಕ್ಕನಿಗೆ, ಎಡಗಡೆಯ ನಾಲ್ಕು ತಂಗಿಗೆ ಎಂದಾಯಿತು. ಮಂಚ ಮಾತ್ರ ಯಾವ ಕಡೆಗೂ ಹೋಗಲಿಲ್ಲ. ಅದನ್ನು ನಡುವಿನ ಉಗ್ರಾಣದಲ್ಲೇ ಬಿಟ್ಟು, ಉಗ್ರಾಣದ ನೆಲಕ್ಕೆ ಸುಣ್ಣದ ಗೆರೆ ಎಳೆದರು. ಗೆರೆ ಮಂಚದ ಕೆಳಗೆ ನಟ್ಟನಡುವೆ ಹಾದುಹೋಗಿತ್ತು. ಆ ಮಂಚದ ಮೇಲೆ ಯಾರೂ ಮಲಗುತ್ತಿರಲಿಲ್ಲ. ಅಷ್ಟು ವರ್ಷ ಬೇಳೆ ಬೆಲ್ಲದ ಡಬ್ಬಗಳ ನಡುವೆ ಅದು ಸುಮ್ಮನೆ ನಿಂತಿತ್ತು.

ಒಂದು ದಿನ ಅಕ್ಕ ಛತ್ರಕ್ಕೆ ಹೋಗಿ, ‘ನನ್ನ ಮನೆಗೊಂದು ಬೆಕ್ಕು ಕೊಡಿ’ ಎಂದಳು. ಅದೇ ದಿನ ಮಧ್ಯಾಹ್ನ ತಂಗಿಯೂ ಹೋಗಿ, ‘ನನ್ನ ಮನೆಗೊಂದು ಬೆಕ್ಕು ಕೊಡಿ’ ಎಂದಳು. ಒಬ್ಬಳು ಹೋದದ್ದು ಇನ್ನೊಬ್ಬಳಿಗೆ ಗೊತ್ತಿಲ್ಲ. ಛತ್ರ ನಡೆಸುವ ಹೆಂಗಸನ್ನು ನಾವು ಛತ್ರದಮ್ಮ ಎನ್ನುತ್ತೇವೆ. ಅವರು ಇಬ್ಬರನ್ನೂ ಕರೆಸಿ ಅಕ್ಕಪಕ್ಕ ನಿಲ್ಲಿಸಿಕೊಂಡು ಹೇಳಿದರು: “ಊರಿನ ಕಣ್ಣಿಗೆ ಅದು ಒಂದೇ ಮನೆ. ಒಂದು ಮನೆಗೆ ಒಂದೇ ಬೆಕ್ಕು. ಬೇಕಾ, ಬೇಡವಾ?”

ಇಬ್ಬರೂ ಬೇಡ ಎನ್ನಲಿಲ್ಲ. ತಾನು ಬೇಡ ಎಂದರೆ ಇನ್ನೊಬ್ಬಳಿಗೆ ಸಿಗುತ್ತದಲ್ಲ!

ಛತ್ರದಮ್ಮ ಅವರಿಗೆ ಕೊಟ್ಟದ್ದು ಬೂದುಬಣ್ಣದ ಒಂದು ಹೆಣ್ಣು ಬೆಕ್ಕು. ಎಡಗಿವಿಯ ತುದಿ ಹರಿದಿತ್ತು. ಆಗಲೇ ಎರಡು ಮನೆಗೆ ಹೋಗಿ ಎರಡು ಸಲ ಮರಳಿ ಬಂದ ಬೆಕ್ಕು. ಮೂರನೆಯ ಸಲ ಮರಳಿದ ಬೆಕ್ಕಿಗೆ ಛತ್ರದಲ್ಲೂ ಜಾಗವಿಲ್ಲ. ಊರಾಚೆಯ ಗಡಿಕಲ್ಲಿನ ಬಳಿ ಬುಟ್ಟಿಯ ಮುಚ್ಚಳ ತೆಗೆಯುತ್ತಾರೆ. ಕಲ್ಲಿನಾಚೆ ಬರೀ ಬಯಲು. ಅಲ್ಲಿಗೆ ಹೋದ ಬೆಕ್ಕನ್ನು ನಮ್ಮಲ್ಲಿ ಯಾರೂ ಮತ್ತೆ ಕಂಡಿಲ್ಲ.

ಅದನ್ನು ಮರಳಿಸಿದ ಎರಡನೆಯ ಮನೆ ನನ್ನದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನನ್ನದು ಎರಡೇ ಕೋಣೆಯ ಮನೆ. ಹದಿನೆಂಟನೆಯ ದಿನ ಚಳಿ ಎಂದು ಒಳಕೋಣೆಯ ಕಂಬಳಿ ತರಲು ಹೊಸ್ತಿಲು ದಾಟಿಬಿಟ್ಟೆ. ಬರೀ ಒಂದು ಕಂಬಳಿಗೆ. ಬೆಕ್ಕು ಒಲೆಯ ಸಂದಿನಿಂದ ನನ್ನ ಕಾಲನ್ನೇ ನೋಡುತ್ತಿತ್ತು. ಆಮೇಲೆ ಅದು ಆಚೆ ಬರಲೇ ಇಲ್ಲ. ಬೂದಿಯವನೇ ಬೂದಿ ತುಳಿದನಂತೆ ಎಂದು ಊರು ಆರು ತಿಂಗಳು ನಕ್ಕಿತು. ನಗಲಿ ಬಿಡಿ, ನನಗೆ ಅದು ತಟ್ಟಲಿಲ್ಲ. ಬುಟ್ಟಿಯನ್ನು ಛತ್ರಕ್ಕೆ ಹೊತ್ತುಕೊಂಡು ಹೋಗುವಾಗ ಒಳಗಿನಿಂದ ಒಂದು ಸದ್ದೂ ಬರಲಿಲ್ಲವಲ್ಲ, ಅದು ತಟ್ಟಿತು.

ಬುಟ್ಟಿಯನ್ನು ಉಗ್ರಾಣದಲ್ಲಿ ಇಳಿಸಿದೆವು. ಎಲ್ಲಕ್ಕಿಂತ ಚಿಕ್ಕ ಕೋಣೆಯಲ್ಲೇ ಇಳಿಸಬೇಕು ಎಂಬುದು ನಿಯಮ. ಬಲಕ್ಕೊಂದು ಬಾಗಿಲು, ಎಡಕ್ಕೊಂದು ಬಾಗಿಲು. ಎರಡೂ ಹೊಸ್ತಿಲಿಗೆ ಬೂದಿ ಹಾಕಿದೆ. ಉಗ್ರಾಣದಿಂದ ಹಿತ್ತಿಲಿಗೆ ಹೋಗುವ ಬಾಗಿಲಿಗೆ ಬೂದಿಯಿಲ್ಲ, ಮನುಷ್ಯರಿಗೆ ಒಲೆ ಬಾವಿ ಬಚ್ಚಲು ಬೇಕಲ್ಲ. ಅಕ್ಕ ತನ್ನ ಚಾಪೆಯನ್ನು ಬಲಕ್ಕೆ ಹಾಸಿದಳು, ತಂಗಿ ತನ್ನದನ್ನು ಎಡಕ್ಕೆ ಹಾಸಿದಳು. ಮುಚ್ಚಳ ತೆಗೆದದ್ದೇ ತಡ, ಬೆಕ್ಕು ಬಾಣದಂತೆ ಹೋಗಿ ತಾಯಿಯ ಮಂಚದ ಕೆಳಗೆ ಸೇರಿತು.

ಛತ್ರದಮ್ಮ ಹೊರಡುವ ಮುಂಚೆ ಹೇಳಿದರು: “ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡಿ. ನೆಲದ ಮೇಲೆ ಕೂತಿರಿ, ಎತ್ತರ ಕಂಡ್ರೆ ಅದಕ್ಕೆ ಭಯ. ನೀವು ಉಟ್ಟ ಹಳೇ ಬಟ್ಟೆ ಒಂದು ತುಂಡು ಹತ್ರ ಹಾಕಿ. ಅನ್ನದ ಬಟ್ಟಲನ್ನ ದಿನಾ ಒಂದು ಗೇಣು ನಿಮ್ಮ ಕಡೆ ಸರಿಸಿ, ಜಾಸ್ತಿ ಬೇಡ. ಮತ್ತೆ, ಮಾತಾಡ್ತಾ ಇರಿ. ಅದರ ಜೊತೆ ಅಲ್ಲ, ನೀವು ನೀವು. ಮನೆಯ ದನಿ ಅದಕ್ಕೆ ಅಭ್ಯಾಸ ಆಗ್ಬೇಕು.”

ಇಬ್ಬರೂ ನೆಲ ನೋಡಿದರು.

ಅವರು ಉಳಿದದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ಬಟ್ಟೆಯ ತುಂಡು ಹಾಕಿದರು. ಅಕ್ಕನದೊಂದು ಬಲಕ್ಕೆ, ತಂಗಿಯದೊಂದು ಎಡಕ್ಕೆ. ಮೀನು ಬೆರೆಸಿದ ಅನ್ನವಿಟ್ಟರು. ಅಕ್ಕನ ಬಟ್ಟಲೊಂದು ಬಲಕ್ಕೆ, ತಂಗಿಯ ಬಟ್ಟಲೊಂದು ಎಡಕ್ಕೆ. ದಿನಾ ಒಂದೊಂದು ಗೇಣು ಸರಿಸಿದರು. ಅಕ್ಕನ ಬಟ್ಟಲು ಬಲಕ್ಕೆ ಬಲಕ್ಕೆ ಹೋಯಿತು, ತಂಗಿಯ ಬಟ್ಟಲು ಎಡಕ್ಕೆ ಎಡಕ್ಕೆ ಹೋಯಿತು, ಅವರವರ ಚಾಪೆಯ ಅಂಚು ಮುಟ್ಟುವ ತನಕ. ಬೆಕ್ಕು ಮಂಚದ ಕೆಳಗೆ, ಗೆರೆಯ ಮೇಲೆ, ಅಲ್ಲಾಡದೆ ಕೂತಿತು. ಇಬ್ಬರೂ ಬಾವಿಯ ಕಡೆ ಹೋದಾಗ ಮಾತ್ರ ಬಂದು ಯಾವುದೋ ಒಂದು ಬಟ್ಟಲಿನಲ್ಲಿ ನಾಲ್ಕು ಅಗುಳು ತಿಂದು ಓಡುತ್ತಿತ್ತು.

ಬೆಳಗಾಯಿತು, ಬೂದಿ ನೋಡಿದೆ, ಹೆಜ್ಜೆ ಇರಲಿಲ್ಲ. ‘ಕಾಯಿರಿ’ ಎಂದೆ.

ಬೆಳಗಾಯಿತು, ಬೂದಿ ನೋಡಿದೆ, ಹೆಜ್ಜೆ ಇರಲಿಲ್ಲ. ‘ಕಾಯಿರಿ’ ಎಂದೆ.

“ಬೂದಿಯಣ್ಣ, ಗೆರೆ ದಾಟಿ ಕಾಲು ಚಾಚಬಾರದು ಅಂತ ಆಕೆಗೆ ಹೇಳಿ,” ಎನ್ನುವಳು ಅಕ್ಕ.

“ಬೂದಿಯಣ್ಣ, ನಾನು ಚಾಚಿಲ್ಲ ಅಂತ ಆಕೆಗೆ ಹೇಳಿ,” ಎನ್ನುವಳು ತಂಗಿ.

ಇಬ್ಬರ ನಡುವೆ ಇದ್ದದ್ದು ನಾಲ್ಕು ಮೊಳ. ಇಬ್ಬರ ಕಿವಿಯೂ ಚೆನ್ನಾಗಿಯೇ ಇತ್ತು. ನಾನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ತಿರುಗಿ ತಿರುಗಿ ಹೇಳಿದೆ. ಹೀಗೆ ಮೂವತ್ತು ದಿನ ಕಳೆಯಿತು.

ಬೆಕ್ಕು ಬಡವಾಗುತ್ತಿತ್ತು. ಅದು ಇಬ್ಬರಿಗೂ ಕಾಣುತ್ತಿತ್ತು. ಅಕ್ಕನೂ ಸರಿಯಾಗಿ ಉಣ್ಣುತ್ತಿರಲಿಲ್ಲ, ತಂಗಿಯೂ ಉಣ್ಣುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಅಕ್ಕ ಬಾವಿಯ ಹಗ್ಗ ಹಿಡಿದು ನಿಂತಿದ್ದಳು. ನೀರು ಸೇದದೆ ಸುಮ್ಮನೆ ಅಳುತ್ತಿದ್ದಳು. ಮತ್ತೊಂದು ಬೆಳಿಗ್ಗೆ ಅದೇ ಜಾಗದಲ್ಲಿ ತಂಗಿಯನ್ನು ಕಂಡೆ. ಗಡಿಕಲ್ಲು ಎಷ್ಟು ದೂರ ಎಂದು ಇಬ್ಬರೂ ನನ್ನನ್ನು ಕೇಳಿದ್ದರು, ಬೇರೆ ಬೇರೆಯಾಗಿ.

ಮೂವತ್ತೊಂದನೆಯ ಬೆಳಗಾಯಿತು. ಬೂದಿ ನೋಡಿದೆ. ಹೆಜ್ಜೆ ಇತ್ತು.

ಬಲಗಡೆಯ ಹೊಸ್ತಿಲಲ್ಲೂ ಇತ್ತು, ಎಡಗಡೆಯ ಹೊಸ್ತಿಲಲ್ಲೂ ಇತ್ತು. ನನಗೆ ಹಿಗ್ಗಾಯಿತು. ಕುಕ್ಕರಗಾಲಲ್ಲಿ ಕೂತು ಮುಖ ಬಗ್ಗಿಸಿ ನೋಡಿದೆ. ಆ ಹಿಗ್ಗು ಹಾಗೇ ಇಳಿದುಹೋಯಿತು.

“ತಾಯೀ, ಈ ಬೆಕ್ಕು ಉಂಗುರ ಹಾಕ್ಕೊಂಡಿದೆಯಾ?” ಎಂದು ಕೇಳಿದೆ.

ಅಕ್ಕ ತನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಈ ಕಡೆ ಐದು ಬೆರಳು ಮೂಡಿದೆ. ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕೇ ಮೂಡೋದು.”

ತಂಗಿ ಗೋಡೆಯ ಕಡೆ ತಿರುಗಿದಳು.

ಹೆಜ್ಜೆ ನೋಡುವುದೇ ಕಸುಬಾದವನಿಗೆ ಬೆರಳು ಒತ್ತಿದ್ದು ತಿಳಿಯದೇ? ಬೆಕ್ಕು ಮುಂಗಾಲು ಎತ್ತಿದಲ್ಲೇ ಹಿಂಗಾಲಿಟ್ಟು ಒಂದೇ ಸಾಲಿನಲ್ಲಿ ನಡೆಯುತ್ತದೆ. ಇಲ್ಲಿ ಸೆಟ್ಟಿಯ ಅಂಗಡಿಯಲ್ಲಿ ಸಾಲಾಗಿ ಜೋಡಿಸಿದ ಕೊಬ್ಬರಿಯಂತೆ ಎರಡೆರಡು ಅಕ್ಕಪಕ್ಕ ಇದ್ದವು. ಒಬ್ಬಳು ಮಾಡಿದ್ದು ಇನ್ನೊಬ್ಬಳಿಗೆ ಗೊತ್ತಿರಲಿಲ್ಲ. ಒಂದೇ ಮುಂಜಾನೆ, ಒಬ್ಬಳು ನೀರಿಗೆ ಹೋದಾಗ ಇನ್ನೊಬ್ಬಳು.

ಸುಳ್ಳು ಹೆಜ್ಜೆಗೂ ನಮ್ಮಲ್ಲಿ ನಿಯಮವಿದೆ. ಒತ್ತಿದವರು ಮನೆ ಬಿಟ್ಟು ಹೋಗಬೇಕು, ಮತ್ತೆ ಆ ಮನೆಗೆ ಬರುವಂತಿಲ್ಲ. ಬೆಕ್ಕು ಉಳಿದವರ ಜೊತೆ ಇರುತ್ತದೆ. ಮನೆಯವರೆಲ್ಲ ಒತ್ತಿದ್ದರೆ ಅದೇ ದಿನ ಬೆಕ್ಕು ಮರಳಬೇಕು. ಇದನ್ನು ಅವರಿಗೆ ನೆನಪಿಸಬೇಕಾಗಿರಲಿಲ್ಲ. ಆದರೂ ನನ್ನ ಕೆಲಸವೆಂದು ಹೇಳಿದೆ.

ಅಕ್ಕ ಎದ್ದು ನಿಂತಳು.

“ಎರಡೂ ಕಡೆ ನಾನೇ ಒತ್ತಿದ್ದು, ಬೂದಿಯಣ್ಣ. ಆಕೆಗೆ ಇದು ಏನೂ ಗೊತ್ತಿಲ್ಲ. ನಾನು ಹೋಗ್ತೀನಿ. ಬೆಕ್ಕು ಆಕೆ ಹತ್ರ ಇರ್ಲಿ.”

ಅವಳು ಚಾಪೆ ಸುತ್ತತೊಡಗಿದಳು. ತಂಗಿ ಗೋಡೆಯಿಂದ ಈಚೆಗೆ ತಿರುಗಿದಳು. ನನ್ನನ್ನು ನೋಡಲಿಲ್ಲ. ಆಕೆಗೆ ಹೇಳಿ ಎನ್ನಲಿಲ್ಲ.

“ಸುಳ್ಳು ಯಾಕೆ ಹೇಳ್ತೀಯಾ ಅಕ್ಕಾ? ಈ ಕಡೆಯದು ನಾನೊತ್ತಿದ್ದು. ಆ ಕಡೆಯದೂ ನಾನೇ ಒತ್ತಿದ್ದು. ನೀನು ಇರು, ನಾನು ಹೋಗ್ತೀನಿ.”

“ಉಂಗುರ ಯಾರ ಕೈಯಲ್ಲಿದೆ? ಸುಮ್ನಿರು ನೀನು.”

“ನಾನು ಸುಮ್ನಿರಲ್ಲ.”

“ಎಲ್ಲಿಗೆ ಹೋಗ್ತೀಯಾ? ನಿನಗೆ ಯಾರಿದ್ದಾರೆ?”

“ನಿನಗೆ ಯಾರಿದ್ದಾರೆ?”

ಹನ್ನೊಂದು ವರ್ಷದ ಮೇಲೆ ಅವರು ಒಬ್ಬರಿಗೊಬ್ಬರು ಆಡಿದ ಮಾತು ಇವು. ಜಗಳವೇ ಆಡಿದರು. ಆದರೆ ಅಂಥ ಜಗಳವನ್ನು ನಾನು ಎಲ್ಲೂ ಕೇಳಿರಲಿಲ್ಲ. ಅರ್ಧ ಸುತ್ತಿದ ಚಾಪೆ ಅಕ್ಕನ ಕೈಯಿಂದ ಜಾರಿ ಬಿಚ್ಚಿಕೊಂಡಿತು. ತಂಗಿ ಅದರ ಇನ್ನೊಂದು ತುದಿಯನ್ನು ಕಾಲಲ್ಲಿ ಮೆಟ್ಟಿ ನಿಂತಳು. ಸುಣ್ಣದ ಗೆರೆ ಅವಳ ಹಿಂದೆ ಉಳಿದಿತ್ತು. ಅದನ್ನು ಯಾವಾಗ ದಾಟಿದಳೋ ಅವಳಿಗೇ ತಿಳಿಯದು.

ನನ್ನ ಕಣ್ಣು ಮಂಚದ ಕೆಳಗೆ ಹೋಯಿತು. ಒಂದು ಹರಿದ ಕಿವಿ ಮಾತು ಬಂದ ಕಡೆಗೆ ತಿರುಗಿತ್ತು.

ಇಬ್ಬರೂ ಒತ್ತಿದ್ದಾರೆ ಎಂಬ ನಿಜವನ್ನು ನಾನು ಹೇಳಿದರೆ ಬೆಕ್ಕು ಗಡಿಕಲ್ಲಿಗೆ ಹೋಗಬೇಕು. ಅವರು ಹೇಳಿದ್ದನ್ನು ಒಪ್ಪಿಕೊಂಡರೆ ಯಾರೋ ಒಬ್ಬಳು ಹೋಗಬೇಕು. ಇಪ್ಪತ್ತೆರಡು ವರ್ಷ ನಾನು ಬೂದಿಗೆ ತಪ್ಪಿ ನಡೆದವನಲ್ಲ, ಆ ಒಂದು ಕಂಬಳಿಯ ಹೊರತು. ಒಮ್ಮೆ ಹಾಕಿದ ಬೂದಿಯ ಮೇಲೆ ಬೆಕ್ಕು ದಾಟುವ ತನಕ ಮತ್ತೆ ಬೂದಿ ಬೀಳುವಂತಿಲ್ಲ. ಆದರೂ ಜರಡಿ ಎತ್ತಿಕೊಂಡೆ. ಬಲಗಡೆಯ ಹೊಸ್ತಿಲಿಗೆ ಹೊಸ ಬೂದಿ ಹಾಕಿದೆ, ಎಡಗಡೆಯ ಹೊಸ್ತಿಲಿಗೂ ಹಾಕಿದೆ. ಉಂಗುರ ಮುಚ್ಚಿಹೋಯಿತು, ಐದು ಬೆರಳೂ ಮುಚ್ಚಿಹೋಯಿತು.

“ಹೆಜ್ಜೆ ಇಲ್ಲ, ಕಾಯಿರಿ,” ಎಂದೆ.

ಮರುದಿನ ಹೋದಾಗ ಗೆರೆ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ನೆಲ ಇನ್ನೂ ಆರಿರಲಿಲ್ಲ. ಬಟ್ಟಲು ಒಂದೇ ಇತ್ತು. ಅಕ್ಕ ತಂಗಿ ಒಂದೇ ಗೋಡೆಗೆ ಒರಗಿ ಕೂತು ಮಾತಾಡುತ್ತಿದ್ದರು. ದೊಡ್ಡ ಮಾತೇನೂ ಅಲ್ಲ. ಅಮ್ಮ ಹುಳಿಗೆ ಮೆಂತ್ಯ ಹುರಿದು ಹಾಕುತ್ತಿದ್ದಳೋ, ಹಸಿಯಾಗಿ ಹಾಕುತ್ತಿದ್ದಳೋ. ಹಸಿರು ಸೀರೆ ಮೊದಲು ಯಾರದಾಗಿತ್ತು. ಮಾತು ನಿಂತಾಗ ಬೆಕ್ಕು ಮಂಚದ ಕೆಳಗೆ ತಲೆ ಒಳಗೆಳೆದುಕೊಳ್ಳುತ್ತಿತ್ತು. ಮತ್ತೆ ಶುರುವಾದಾಗ ಮೀಸೆ ಕಾಣುತ್ತಿತ್ತು. ಆದ್ದರಿಂದ ಅವರು ನಿಲ್ಲಿಸುವಂತಿರಲಿಲ್ಲ. ಹೇಳಿದ್ದನ್ನೇ ಹೇಳಿದರು, ಗಂಟಲು ಕಟ್ಟುವ ತನಕ ಹೇಳಿದರು.

ಮೂವತ್ತಾರನೆಯ ದಿನ ಬೆಕ್ಕಿನ ಮುಖ ಆಚೆ ಬಂತು, ಮೂವತ್ತೊಂಬತ್ತನೆಯ ದಿನ ಮುಂಗಾಲು. ನಲವತ್ತೆರಡನೆಯ ದಿನ ಇಡಿಯಾಗಿ ಬಂದು ಅವರ ಎದುರೇ ಅನ್ನ ತಿಂದಿತು. ಅಕ್ಕ ತನ್ನ ತಂಗಿಯ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮರುದಿನವೂ ಅಲ್ಲಿ ಕೆಂಪಿತ್ತು.

ಹೊಸ್ತಿಲು ಮಾತ್ರ ಹಾಗೇ ಇತ್ತು. ಬೆಳಗಾಯಿತು, ಬೂದಿ ನೋಡಿದೆ, ಹೆಜ್ಜೆ ಇರಲಿಲ್ಲ. ನಲವತ್ತೇಳರ ಬೆಳಿಗ್ಗೆಯೂ ಇರಲಿಲ್ಲ. ಎಂಟು ಕೋಣೆಗಳಲ್ಲಿ ಒಂದನ್ನೂ ಅದು ಕಣ್ಣೆತ್ತಿ ನೋಡಲಿಲ್ಲ.

ನಲವತ್ತೆಂಟನೆಯ ದಿನ ಛತ್ರದಮ್ಮ ಖಾಲಿ ಬುಟ್ಟಿ ಹಿಡಿದು ಬಂದರು. ಬಲಗಡೆ ನೋಡಿದರು, ಎಡಗಡೆ ನೋಡಿದರು. ಬಗ್ಗಿ ಬೂದಿಯನ್ನು ಉಗುರಿನಲ್ಲಿ ಮೆಲ್ಲಗೆ ಕೆರೆದರು.

“ಇಲ್ಲಿ ಎರಡು ಪದರ ಇದೆ,” ಎಂದರು.

“ಹೌದು, ನಾನೇ ಹಾಕಿದ್ದು,” ಎಂದೆ.

“ನಿನ್ನ ವಿಷಯ ಆಮೇಲೆ.” ಅಕ್ಕ ತಂಗಿಯರ ಕಡೆ ತಿರುಗಿದರು. “ಅಮ್ಮಾ, ಮನೆಯನ್ನೆಲ್ಲ ನಡೆದಿಲ್ಲ ಇದು. ನನಗೆ ಬೇರೆ ದಾರಿ ಇಲ್ಲ.”

ಅಕ್ಕ ಸೊಂಟದಿಂದ ಕೀಲಿಗೊಂಚಲು ಬಿಚ್ಚಿದಳು. ಅದನ್ನು ನೋಡಿ ತಂಗಿಯೂ ತನ್ನದನ್ನು ಬಿಚ್ಚಿದಳು. ಎರಡನ್ನೂ ಛತ್ರದಮ್ಮನ ಕಾಲ ಬಳಿ ಇಟ್ಟರು.

“ಮನೆಯನ್ನೆಲ್ಲ ನಡೆದಿದೆ ಛತ್ರದಮ್ಮ,” ಎಂದಳು ಅಕ್ಕ. “ನಮ್ಮ ಮನೆ ಇಷ್ಟೇ. ಈ ಉಗ್ರಾಣ. ಆ ಎರಡು ಬಾಗಿಲಿಗೂ ಗೋಡೆ ಎಬ್ಬಿಸಿಬಿಡಿ.”

“ಎಂಟು ಕೋಣೆ ಬಿಟ್ಟುಬಿಡ್ತೀರಾ?”

“ನಾಲ್ಕು ನಾಲ್ಕು ಕೋಣೆ ಇಟ್ಕೊಂಡು ಏನು ಮಾಡಿದ್ವಿ?” ಎಂದಳು ತಂಗಿ. “ಬಾಗಿಲು ಹಾಕ್ಕೊಂಡ್ವಿ, ಅಷ್ಟೇ.”

ಛತ್ರದಮ್ಮ ಬುಟ್ಟಿಯ ಮುಚ್ಚಳ ತೆಗೆದು ಕೋಣೆಯ ನಡುವೆ ಇಟ್ಟರು. “ನಾನು ಹೇಳೋದೂ ಬೇಡ, ನೀವು ಹೇಳೋದೂ ಬೇಡ. ಹೆದರಿಕೆ ಇನ್ನೂ ಇದ್ರೆ ಅದು ಇದರೊಳಗೆ ಅಡಗಿಕೊಳ್ಳುತ್ತೆ. ಛತ್ರದ ಬೆಕ್ಕಿಗೆ ಗೊತ್ತಿರೋ ಜಾಗ ಇದೊಂದೇ.”

ಬೆಕ್ಕು ಮಂಚದ ಕೆಳಗಿನಿಂದ ಬಂತು. ಬುಟ್ಟಿಯನ್ನು ಮೂಸಿತು, ಒಳಗೆ ತಲೆ ಹಾಕಿತು. ತಂಗಿ ಕಣ್ಣು ಮುಚ್ಚಿಕೊಂಡಳು. ಅಕ್ಕ ಮಾತಾಡಬೇಕೆಂದು ಬಾಯಿ ತೆರೆದಳು, ಮೆಂತ್ಯವೋ ಸೀರೆಯೋ ಏನಾದರೂ. ಒಂದು ಶಬ್ದವೂ ಹೊರಡಲಿಲ್ಲ.

ಬೆಕ್ಕು ತಲೆ ಈಚೆಗೆ ತೆಗೆಯಿತು. ಬುಟ್ಟಿಯನ್ನು ಬಳಸಿ ಬಂದು ಅವರಿಬ್ಬರ ಮುಂದೆ ಕೂತಿತು. ಕೂತು, ಅವರಿಗೆ ಬೆನ್ನು ಮಾಡಿ, ನನ್ನನ್ನೂ ಛತ್ರದಮ್ಮನನ್ನೂ ನೋಡುತ್ತಾ ಕಾಲು ನೆಕ್ಕತೊಡಗಿತು.

“ಬೆನ್ನು ಕೊಟ್ಟಿತಲ್ಲ,” ಎಂದರು ಛತ್ರದಮ್ಮ. “ತಾನು ನಂಬದವರಿಗೆ ಇದು ಬೆನ್ನು ಕೊಡಲ್ಲ. ಸಾಕು, ಮನೆ ಇಷ್ಟೇ.” ಖಾಲಿ ಬುಟ್ಟಿ ಎತ್ತಿಕೊಂಡರು. ಹೊರಡುವಾಗ ನನ್ನ ಕೈಯಿಂದ ಜರಡಿಯನ್ನೂ ತೆಗೆದುಕೊಂಡರು. ನಾನು ಅದಕ್ಕೆ ಸಿದ್ಧನಾಗಿಯೇ ಇದ್ದೆ. ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಹಾಗೆ ಮಾಡಬಾರದಿತ್ತು ಎಂದು ಒಂದು ದಿನವೂ ಅನ್ನಿಸಿಲ್ಲ.

ಮರುದಿನ ಗಾರೆಯವನು ಬಂದ. ಬಲಗಡೆಯ ಬಾಗಿಲಿಗೆ ಮೊಳಕಾಲೆತ್ತರ, ಎಡಗಡೆಯ ಬಾಗಿಲಿಗೆ ಮೊಳಕಾಲೆತ್ತರ ಕಲ್ಲು ಕೂರಿಸಿದ. ಮತ್ತೊಂದು ಸಾಲಿಗೆ ಗಾರೆ ಕಲಸುತ್ತಿದ್ದ. ಆಗ ಬೆಕ್ಕು ಎದ್ದು ಮೈಮುರಿದು, ಅದೇನು ದೊಡ್ಡ ವಿಷಯ ಎಂಬಂತೆ ಬಲಗಡೆಯ ಗೋಡೆಯನ್ನು ನೆಗೆದು ಆಚೆ ಹೋಯಿತು. ಒಳಗೆ ಒಂದೊಂದೇ ಕೋಣೆ ಸುತ್ತಿತು. ಸ್ವಲ್ಪ ಹೊತ್ತಿಗೆ ಈಚೆ ಬಂತು, ಎಡಗಡೆಯ ಗೋಡೆ ನೆಗೆಯಿತು, ಆ ನಾಲ್ಕನ್ನೂ ನೋಡಿತು. ಬಾಲ ನೆಟ್ಟಗೆ ಎತ್ತಿಕೊಂಡು ವಾಪಸ್ಸು ಬಂದು ಬಟ್ಟಲಿನ ಮುಂದೆ ಕೂತಿತು.

ಗಾರೆಯವನ ಕೈಯಲ್ಲಿ ಕರಣೆ ಹಾಗೇ ನಿಂತಿತ್ತು. “ಅಮ್ಮಾವ್ರೇ, ಕಟ್ಟಲಾ, ಬೀಳಿಸಲಾ?” ಎಂದ.

ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿದರು. “ಅಷ್ಟಕ್ಕೇ ಬಿಡಪ್ಪಾ,” ಎಂದರು.

ಗೋಡೆ ಇಂದಿಗೂ ಮೊಳಕಾಲೆತ್ತರವೇ ಇದೆ. ಬೆಕ್ಕು ದಿನಕ್ಕೆ ಹತ್ತು ಸಲ ಆಚೀಚೆ ನೆಗೆಯುತ್ತದೆ. ನಿಯಮದಂತೆ ಎಂಟು ಕೋಣೆಗಳಿಗೂ ಈಗ ಅವರು ಹೋಗಬಹುದು. ಹೋಗಿಲ್ಲ. ತಾಯಿಯ ಮಂಚದ ಮೇಲೆ ಇಬ್ಬರೂ ಒತ್ತೊತ್ತಾಗಿ ಮಲಗುತ್ತಾರಂತೆ. ಕೆಲಸ ಹೋದ ಮೇಲೂ ನಾನು ಅಭ್ಯಾಸಬಲದಿಂದ ಬೆಳಿಗ್ಗೆ ಆ ಕಡೆ ಹೋಗುತ್ತೇನೆ. ಒಮ್ಮೆ ಕೇಳಿಯೇಬಿಟ್ಟೆ.

“ದಾಟಬಹುದಲ್ಲ ತಾಯೀ. ಬೆಕ್ಕು ಎಂದೋ ದಾಟಿ ಆಯ್ತು. ಇಷ್ಟು ಇಕ್ಕಟ್ಟಲ್ಲಿ ಯಾಕೆ?”

ತಂಗಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅಕ್ಕ ನಾರು ತೆಗೆಯುತ್ತಿದ್ದಳು. ಇಬ್ಬರೂ ಕೈ ನಿಲ್ಲಿಸಲಿಲ್ಲ.

“ಅದಕ್ಕೆ ನಮ್ಮ ಮೇಲೆ ನಂಬಿಕೆ ಬಂತು ಬೂದಿಯಣ್ಣ,” ಎಂದಳು ಅಕ್ಕ. “ನಮಗೆ ನಮ್ಮ ಮೇಲೆ ಇನ್ನೂ ಬಂದಿಲ್ಲ.”

ತಂಗಿ ಹೌದೆಂದು ತಲೆಯಾಡಿಸಿ, ಅಕ್ಕನ ಕಡೆಗೆ ಇನ್ನಷ್ಟು ಸರಿದು, ನನಗೂ ಕೂರಲು ಜಾಗ ಮಾಡಿಕೊಟ್ಟಳು.